ಕಳಿಯದ ಕಸ, ಬೆಂದ ಓಟೆ

ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ, ಕೇಳಿ. ಊರು ಯಾವುದೆಂದು ಮಾತ್ರ ಕೇಳಬೇಡಿ. ಆತನ ನೆಂಟರು ಇಲ್ಲೇ ಕುಳಿತಿರಬಹುದು.

ಅವನ ಹಿತ್ತಲಲ್ಲಿ ತಾಯಿ ನೆಟ್ಟ ಮಾವಿನ ಮರವೊಂದಿತ್ತು. ಬಿರುಗಾಳಿಗೆ ಅದು ಉರುಳಿತು. ಉಳಿದದ್ದೇನು? ಕೊನೆಯ ಹಣ್ಣುಗಳ ಒಂದು ಬೊಗಸೆ ಓಟೆ, ಅಂದರೆ ಗೊರಟೆ. ಅಷ್ಟೇ. ಗಂಡನ ಮನೆಯಲ್ಲಿದ್ದ ತಂಗಿ ಹೇಳಿ ಕಳಿಸಿದಳು: "ಅಣ್ಣಾ, ಈ ಸಲ ನಂಗೆ ಸೀರೆ ಬೇಡ. ಅವ್ವನ ಮಾವಿನ ಸಸಿ ಕೊಡು."

ಶ್ರೀಮಂತ ಕೆಮ್ಮಣ್ಣು ತರಿಸಿ ಜರಡಿ ಹಿಡಿಸಿದ. ನೋಡಿ, ಮೈದಾ ಹಿಟ್ಟಿನಷ್ಟು ನುಣುಪು! ಕುಂಡಗಳಿಗೆ ತುಂಬಿ, ಅರ್ಧದಷ್ಟು ಓಟೆ ಊರಿ ನೀರೆರೆದ. ಮಣ್ಣು ಇಟ್ಟಿಗೆಯಾಯಿತು, ಓಟೆಗಳು ಒಳಗೇ ಉಸಿರುಗಟ್ಟಿ ಸತ್ತವು.

"ಹಿತ್ತಲಲ್ಲಿ ನನ್ನ ಗೊಬ್ಬರದ ಗುಂಡೀಲಿರೋ ಕಸ ಬೆರೆಸಿ ಅಂದಿರಲಿಲ್ವಾ?" ಎಂದಳು ಹೆಂಡತಿ.

"ಅವ್ವನ ಮಾವಿಗೆ ಎಂಜಲೆಲೆ ಹಾಸಿಗೇನೇ?"

"ತಿನ್ನೋದು ಗಿಡ ಕಣ್ರೀ, ನೀವಲ್ಲ."

ಒಪ್ಪಿದ. ಆದರೆ ಶ್ರೀಮಂತ ನೋಡಿ, ಅವಳ ಹಳೆಯ ಗುಂಡಿ ಅವನಿಗೆ ಹಿಡಿಸಲಿಲ್ಲ. "ನಮ್ಮನೇಲಿ ಹಳಸಲು ಬಡಿಸೋ ಪದ್ಧತಿ ಇಲ್ಲ!" ಎಂದವನೇ ಅಂದಿನ ಸಗಣಿ, ಅಂದಿನ ಸಿಪ್ಪೆ, ಅಂದೇ ಸುಲಿದ ತೆಂಗಿನ ನಾರಿನ ಪುಡಿಯನ್ನು ಕುಂಡಗಳಿಗೆ ಕಂಠಮಟ್ಟ ತುಂಬಿ, ಉಳಿದ ಓಟೆಗಳನ್ನು ಊರಿದ. ಕೆಲವೇ ದಿನಗಳಲ್ಲಿ ಒಳಗೆ ಬೆರಳಿಟ್ಟು ನೋಡಿದರೆ ಚುರ್ರೆಂದಿತು! ಓಟೆಗಳು ಬೆಂದುಹೋಗಿದ್ದವು.

"ನೀವು ಹಾಸಿದ್ದು ಹಾಸಿಗೆಯಲ್ಲ, ಒಲೆ," ಎಂದಳು ಹೆಂಡತಿ.

"ಮುಗೀತಲ್ಲೇ. ತಂಗಿಗೆ ಯಾವ ಮುಖ ತೋರಿಸಲಿ?"

"ಒಂದು ಓಟೆ ಎತ್ತಿಟ್ಟಿದೀನಿ. ನಿಮ್ಮ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಲ್ಲ!"

ಆಕೆ ಹಳೆಯ ಗುಂಡಿಯನ್ನು ಕೆದಕಿದಳು. ಎಲೆ ಯಾವುದು, ಸಿಪ್ಪೆ ಯಾವುದು ಎಂಬ ಗುರುತೇ ಅಳಿದು, ಎಲ್ಲ ಕಪ್ಪಗೆ, ತಣ್ಣಗೆ, ಪುಡಿಪುಡಿಯಾಗಿತ್ತು. ಅದಕ್ಕೆ ಮಣ್ಣು ಬೆರೆಸಿ ಓಟೆ ಊರಿದಳು. ಕೆಂಪು ಚಿಗುರು ಬಂತು. ತಂಗಿ ಸಸಿಯನ್ನು ಮಡಿಲಲ್ಲಿಟ್ಟುಕೊಂಡು ಹೊರಟಾಗ ಶ್ರೀಮಂತ ಪಂಡಿತನಂತೆ ಕೂಗಿ ಹೇಳಿದ: "ಹುಷಾರು ಕಣಮ್ಮಾ, ಅದಕ್ಕೆ ಹಳಸಲನ್ನೇ ಬಡಿಸು!"

ನಗುತ್ತಿದ್ದೀರಿ. ಒಳ್ಳೆಯದು. ಈಗ ನಿಮ್ಮನ್ನು ಕೇಳುತ್ತೇನೆ: ಸಂತೆಯಲ್ಲಿ ಯಾರೋ ಅಂದ ಮಾತನ್ನು, ಕಚೇರಿಯಲ್ಲಿ ಆದ ಅವಮಾನವನ್ನು ಬಿಸಿಬಿಸಿಯಾಗಿ ತಂದು ನೀವು ಸುರಿಯುವುದೆಲ್ಲಿ? ಮಕ್ಕಳ ಊಟದ ತಟ್ಟೆಗೆ! ಕಸ ಕೆಟ್ಟದ್ದೆಂದು ನಾನು ಹೇಳಲಿಲ್ಲ. ನೋವು ಕಳಿತರೆ ವಿವೇಕವಾಗುತ್ತದೆ. ಹಸಿಯಾಗಿ ಹಾಕಿದರೆ ಎಳೆಯ ಬೇರನ್ನು ಸುಡುತ್ತದೆ.

ಇಂದು ಮನೆಗೆ ಹೋಗಿ ಒಂದು ಗುಂಡಿ ತೋಡಿ. ಸಿಪ್ಪೆ, ತರಗೆಲೆಗಳನ್ನು ಸುಡದೆ ಅದರಲ್ಲಿ ಮುಚ್ಚಿಡಿ. ಬೈಯಲೇಬೇಕೆನಿಸಿದ ಮಾತನ್ನೂ ನಾಳೆಯವರೆಗೆ ಮುಚ್ಚಿಡಿ. ನಾಳೆ ತೆಗೆದು ಮುಟ್ಟಿ ನೋಡಿ. ಇನ್ನೂ ಬಿಸಿಯಿದೆಯೇ? ಮತ್ತೆ ಮುಚ್ಚಿ.