ಉಳುಕಲ್ಲ ಕಣ್ಲಾ, ಸೊಂಟದ ಮೂಳೆ

ಉಳುಕಂತೆ ಉಳುಕು! ನಿಮ್ ತಾತಂದು ಎಲ್ಡು ದಿನ ಇದೊಂದೇ ರಾಗ, ಕೇಳಿ ಕೇಳಿ ನನ್ ತಲೆ ಕೆಟ್ಟೋಗಿತ್ತು. ಆಗಿದ್ದೇನು ಅಂದ್ರೆ, ನಮ್ ಹುಲಿಕುಂಟೆ ಮನೆ ರೊಪ್ಪದಾಗೆ ಕುರಿಗೆ ಸೊಪ್ಪು ಕಟ್ತಿದ್ದೆ, ಹಿಂದ್ಲಿಂದ ಟಗರು ಬಂದು ಗುದ್ಬುಡ್ತು. ಟಗರೂ ಅಲ್ಲ, ಇನ್ನೂ ಮರಿ ಅದು, ಕೊಂಬೂ ಸರ್ಯಾಗಿ ಬಂದಿರ್ಲಿಲ್ಲ, ಅಂತಾದ್ರ ಗುದ್ದಿಗೇ ಬಿದ್ದೋದೆ ನೋಡು. ಎಡಗಡೆ ಸೊಂಟ ಕಲ್ಲಿಗೆ ಬಡೀತು. ಕಾಲೆತ್ತಾನ ಅಂದ್ರೆ ತೊಡೆಸಂದಿಯಾಗೆ ಜೀವ ಹೋದಂಗೆ ನೋವು. ನಿಮ್ ತಾತ ಬಂದ. 'ಲೇ, ಉಳುಕೈತೆ ಕಣೆ, ಎದ್ದು ನಾಕ್ ಹೆಜ್ಜೆ ಹಾಕು, ಸರೋಯ್ತದೆ.' ನಾಕ್ ಹೆಜ್ಜೆಯಂತೆ! ಒಂದ್ ಹೆಜ್ಜೆ ಊರಕ್ಕಾಗಿದ್ರೆ ಕುರಿ ಹಿಕ್ಕೆ ಮೇಲೆ ನಾನ್ಯಾಕೆ ಬಿದ್ದಿರ್ಲಿ? ಹೊತ್ಕಂಡೋಗಿ ಮಂಚದ ಮೇಲೆ ಹಾಕುದ್ರು. ನನ್ ನಾದ್ನಿ ರಂಗಮ್ಮ ಹರಳೆಣ್ಣೆ ಕಾಯಿಸ್ಕಂಬಂದು ತಿಕ್ಕುದ್ಲು. ನಾನು ಬಾಯ್ ಬಡ್ಕಂಡ್ರೆ, 'ನಾಟ್ಕ ಆಡ್ಬೇಡ ಅತ್ಗೆ' ಅಂದ್ಲು! ಮೂರ್ನೇ ದಿನ ನಿಮ್ ತಾತ ಯಾವನೋ ಮೂಳೆ ಎಳೆಯೋನ್ನ ಕರ್ಕಂಬಂದ. ಅವ್ನು ನನ್ ಹಿಮ್ಮಡಿ ಹಿಡ್ದ, ನಾನು ಕಿರುಚ್ಕಂಡೆ, ಎದುರ್ಮನೆ ಕೂಸಿಗೆ ಸೂಜಿ ಹಾಕಕ್ಕೆ ಬಂದಿದ್ದ ನರ್ಸಮ್ಮ ಓಡ್ಬಂದ್ಲು.

'ಬುಡಯ್ಯ ಕಾಲು! ಎಳೀಬ್ಯಾಡ! ತಾತ, ಬಗ್ಗಿ ನೋಡು. ಎಲ್ಡು ಹಿಮ್ಮಡಿ ಒಂದೇ ಸಮ ಐತಾ? ಎಡಗಾಲು ಮೊಟಕಾಗೈತೆ. ಪಾದ ಹೊರಕ್ಕೆ ವಾಲ್ಕಂಡು ಬಿದ್ದೈತೆ. ಉಳುಕಿದ್ರೆ ಇಂಗಾಗತ್ತಾ? ಸೊಂಟದ ಮೂಳೆ ಮುರ್ದಂಗೈತೆ.' 'ಬಾವೇ ಇಲ್ವಲ್ಲಮ್ಮ?' ಅಂದ ನಿಮ್ ತಾತ. 'ಒಳ್ಗೆ ಮುರ್ದಿದ್ರೆ ಮೇಲೆ ಬಾವು ಕಾಣ್ಲೇಬೇಕಾ? ಕೀಲು ತಪ್ಪಿದ್ರೆ ಹೆಚ್ಚಾಗಿ ಕಾಲು ಮಡ್ಚ್ಕಂಡು ಒಳಕ್ಕೆ ತಿರುಗಿರತ್ತೆ, ಇದು ಹೊರಕ್ಕೈತೆ. ಯಾವ್ದಾದ್ರೂ ಎಳೆಯಂಗಿಲ್ಲ, ತಿಕ್ಕಂಗಿಲ್ಲ, ನಿಲ್ಸಂಗಿಲ್ಲ.' ಕಾಲ್ಗಳ ನಡುವೆ ದಿಂಬಿಟ್ಟು ಅಲ್ಲಾಡ್ದಂಗೆ ಸೀರೇಲಿ ಕಟ್ಟಿ, ಆಂಬುಲೆನ್ಸಿಗೆ ಅವ್ಳೇ ಫೋನ್ ಮಾಡುದ್ಲು.

ಶಿರಾದಾಗೆ, ಅಲ್ಲ ಅಲ್ಲ, ಶಿರಾದಾಗೆ ಎಕ್ಸ್‌ರೇ ಅಷ್ಟೇಯ, ಆಪ್ರೇಷನ್ ಆಗಿದ್ದು ತುಮಕೂರ್ನಾಗೆ. ಮೂಳೆ ಮುರ್ದೇ ಇತ್ತು. ಡಾಕ್ಟ್ರು ರೇಗುದ್ರು, 'ಬಿದ್ದ ದಿನಾನೇ ಯಾಕೆ ಕರ್ಕಂಬರ್ಲಿಲ್ಲ?' ಅದಕ್ಕೆ ನಿಮ್ ತಾತ, 'ಇವ್ಳು ಸರ್ಯಾಗಿ ಹೇಳ್ಲೇ ಇಲ್ಲ ಸಾರ್!' ಹೇಳ್ಲಿಲ್ವಂತೆ! ಇಡೀ ಬೀದಿಗೆ ಕೇಳೋ ಅಂಗೆ ಅತ್ತಿದೀನಿ, ಹೇಳ್ಲಿಲ್ವಂತೆ! ಆಮೇಲೆ ವಾರ್ಡ್ನಾಗೆ ದಿನಾ ನನ್ ತಲೆ ಬಾಚ್ತಿದ್ದೋನೂ ಅವ್ನೇ ಅನ್ನು, ಜಡೆ ಸೊಟ್ಟುಗೆ. ನಂಗೆ ವಾಕರ್ ಹಿಡ್ದು ಹೊಸ್ಲು ದಾಟಕ್ಕೇ ಮೂರ್ ತಿಂಗ್ಳು ಬೇಕಾಯ್ತು. ಬಿದ್ದೋರು ನೋವು ಅಂದ್ರೆ ನಂಬ್ಬೇಕು ಕಣ್ಲಾ. ಕಾಲು ಅವ್ರದು, ನಿಮ್ದಲ್ಲ.