ಪಿಕಪ್‌ಗೂ ಒಂದು ಬೆನ್ನು

ವಾಹನ ಬಿಡಿಭಾಗದ ಅಂಗಡಿಯಲ್ಲಿ ತಮ್ಮ ಕಾರಿನ ವೈಪರ್‌ಗಾಗಿ ಕಾಯುತ್ತಿದ್ದ ಮೇಷ್ಟ್ರ ಮುಂದೆ ಅಪ್ಪ ಮಗಳು ನಿಂತಿದ್ದರು. ಹೊರಗೆ ಅಪ್ಪ ಮಗಳು ಬಂದಿದ್ದ ಹೊಸ ಡೀಸೆಲ್ ಪಿಕಪ್ ಗಾಡಿ ಹೊಳೆಯುತ್ತಿತ್ತು.

“ಡೀಸೆಲ್‌ಗೆ ಬೆರೆಸೋ ಈ ಬಾಟ್ಲಿ ತಗೊಳ್ಳಮ್ಮ, ಎಂಜಿನ್ ಕ್ಲೀನಾಗಿರುತ್ತೆ,” ಎಂದ ಅಂಗಡಿಯವನು.

“ಈಗ ತಾನೇ ಹುಟ್ಟಿರೋದಕ್ಕೆ ಟಾನಿಕ್ ಯಾಕಣ್ಣ?” ಎಂದಳು ಮಗಳು.

“ಹಿಂದೆ ಲೋಡ್ ಹಾಕೋ ಕಡೆ ರಬ್ಬರ್ ಹಾಸು ಹಾಕಿಸು,” ಎಂದ ಅಪ್ಪ.

“ಕಬ್ಬಿಣಕ್ಕೇನಾಗುತ್ತಪ್ಪ?”

“ನಾನೂ ಕಬ್ಬಿಣ ಅಂತಲೇ ಅಂದ್ಕೊಂಡಿದ್ದೆ. ಮೂವತ್ತು ವರ್ಷ ಮೂಟೆ ಹೊತ್ತೆ, ಬೆನ್ನಿಗೊಂದು ಗೋಣಿ ಹಾಕ್ಕೊಳ್ಳಲಿಲ್ಲ.”

ಮಗಳು ಅಂಗಡಿಯವನತ್ತ ತಿರುಗಿದಳು. “ಇರೋದ್ರಲ್ಲಿ ದಪ್ಪದ್ದು ಕೊಡಣ್ಣ.”

ಸುರುಳಿ ಸುತ್ತಿದ ಹಾಸನ್ನು ಎತ್ತಲು ಅಪ್ಪ ಅಭ್ಯಾಸಬಲದಿಂದ ಬಗ್ಗಿದ.

“ಬಿಡಪ್ಪ, ನೀನು ಹೊತ್ತಿದ್ದು ಸಾಕು. ಹೋಗಿ ಮುಂದಿನ ಸೀಟಲ್ಲಿ ಕೂತ್ಕೋ.”

“ಗಾಡಿ ಅವಳದೇ ಸ್ವಾಮಿ, ಓಡಿಸೋದೂ ಅವಳೇ,” ಎಂದು ಮೇಷ್ಟ್ರಿಗೆ ಹೇಳಿ, ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು ಅವನು ಹೊರಗೆ ನಡೆದ.