ಗಡ್ಡೆ ನನ್ನದು, ಸಹಿಯೂ ನನ್ನದೇ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ವೈದ್ಯರೇ, ಸಭಿಕರೇ,

ಇಂದು ನೀವು ಸನ್ಮಾನಿಸಿದ ಸಂಶೋಧಕಿಯ ಅತ್ತೆ ನಾನು. ಓದಿದ್ದು ಹೈಸ್ಕೂಲು. ನಲವತ್ತು ವರ್ಷದಿಂದ ಹೊಲಿಗೆ ಅಂಗಡಿಯ ಯಜಮಾನಿ. ನಾನು ಗುರುತು ಹಾಕದೆ ಅಲ್ಲಿ ಯಾವ ಬಟ್ಟೆಗೂ ಕತ್ತರಿ ಬೀಳುವುದಿಲ್ಲ. ಸೊಸೆಯ ಬಗ್ಗೆ ಎರಡು ಒಳ್ಳೆಯ ಮಾತು ಆಡಿ ಎಂದಿದ್ದಾರೆ. ಆಡುತ್ತೇನೆ, ಆದರೆ ನನಗೆ ತೋಚಿದ ಹಾಗೆ.

ಪ್ಯಾಂಟಿನ ಅಂಚು ಮಡಿಸಲು ನಾನು ಎಂದೂ ಟೇಪು ಹಿಡಿದವಳಲ್ಲ. ನಾಲ್ಕು ಬೆರಳು ಅಗಲ, ಅಷ್ಟೇ. ಎರಡು ವರ್ಷದ ಹಿಂದೆ ಪ್ಯಾಂಟುಗಳು ಗಿಡ್ಡವಾದವೆಂದು ವಾಪಸು ಬರತೊಡಗಿದವು. ಯಾರನ್ನು ಬೈದೆ? ಹೊಲಿಯುವವರನ್ನು ಬೈದೆ. ಕುಗ್ಗುವ ಬಟ್ಟೆ ಎಂದು ಬಟ್ಟೆಯನ್ನೂ ಬೈದೆ. ಒಂದು ದಿನ ಸೊಸೆ ನನ್ನ ಬೆರಳಿಗೆ ಟೇಪು ಹಿಡಿದಳು.

"ಅತ್ತೆ, ಬಟ್ಟೆ ಕುಗ್ಗಿಲ್ಲ. ನಿಮ್ಮ ಬೆರಳು ದಪ್ಪ ಆಗಿವೆ. ಚಪ್ಪಲಿ ಅಳತೇನೂ ಹೆಚ್ಚಾಗಿದೆ. ಡಾಕ್ಟರ ಹತ್ರ ಹೋಗೋಣ."

"ನಿನ್ನ ಓದು ನಿನ್ನ ಪ್ರಯೋಗಾಲಯದಲ್ಲೇ ಇಟ್ಕೋ" ಎಂದೆ. ಒಂದು ವರ್ಷ ಅವಳೊಡನೆ ಮಾತು ಬಿಟ್ಟೆ. ಕೊನೆಗೆ, ಪಕ್ಕದಲ್ಲಿ ಬರುವವರು ಕಾಣದೆ ಡಿಕ್ಕಿ ಹೊಡೆಯತೊಡಗಿದ ಮೇಲೆ ಆಸ್ಪತ್ರೆಗೆ ಹೋದೆ. ಮಿದುಳಿನ ಕೆಳಗೆ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ. ಬೆಳವಣಿಗೆಯ ಹಾರ್ಮೋನು ಹೆಚ್ಚು ಸುರಿಸಿ ಬೆರಳು ದಪ್ಪ ಮಾಡಿದ್ದೂ ಅದೇ, ಕಣ್ಣಿನ ನರ ಒತ್ತಿ ಪಕ್ಕದ ನೋಟ ಕಸಿದದ್ದೂ ಅದೇ. ನಾಡಿದ್ದು ತೆಗೆಯುತ್ತಾರೆ.

ಸೊಸೆಯೇ ಬಿಡಿಸಿ ಹೇಳಿದಳು. "ಜೀವಕೋಶದೊಳಗೆ ಸುದ್ದಿ ಮುಟ್ಟಿಸೋ ಪ್ರೋಟೀನುಗಳು ಇರ್ತವೆ ಅತ್ತೆ. 'ಬೆಳಿ' ಅನ್ನೋ ಸುದ್ದಿ ಮುಟ್ಟಿಸಿ ಸುಮ್ಮನಾಗಬೇಕು. ಕೆಲವು ಗಡ್ಡೆಗಳಲ್ಲಿ ಒಂದು ಪ್ರೋಟೀನು ಸುಮ್ಮನಾಗೋದೇ ಇಲ್ಲ. ಯಾರೂ ಹೇಳದಿದ್ರೂ ಬೆಳಿ, ಬೆಳಿ ಅಂತಾನೇ ಇರುತ್ತೆ."

"ಯಾರ ಮಾತೂ ಕೇಳಲ್ಲ ಅನ್ನು. ನನ್ನ ಹಾಗೆ."

"ಅಯ್ಯೋ, ನಾನು ಹಾಗಂದೆನಾ?" ಎಂದು ನಕ್ಕಳು. ಅವಳು ನಕ್ಕದ್ದನ್ನು ಕಂಡು ಎಷ್ಟು ದಿನವಾಗಿತ್ತೋ!

ಆ ಪ್ರೋಟೀನಿನ ಬಾಯಿ ಮುಚ್ಚಿಸುವುದು ಹೇಗೆ? ಇದೇ ಅವಳ ಸಂಶೋಧನೆ. ಅದಕ್ಕೆ ಆಗತಾನೆ ತೆಗೆದ ಗಡ್ಡೆಯ ಚೂರು ಬೇಕು. ಕೇಳಿದರೆ ಜನ ಹಿಂಜರಿಯುತ್ತಾರೆ. ಬೇರೆಯವರೇಕೆ, ನನ್ನ ಮಗನೇ ಬೇಡವೆಂದ. "ಅಮ್ಮಾ, ಯಜಮಾನಿ ತಲೇಲಿ ಗಡ್ಡೆ ಅಂತ ಊರೆಲ್ಲ ಆಡ್ಕೊಳಲ್ವಾ? ಮನೆ ಮರ್ಯಾದೆ ಏನಾಗ್ಬೇಕು?"

ಆಡಿಕೊಳ್ಳಲಿ! ಹಟ ಹಿಡಿದು ಕಳೆದ ಆ ಒಂದು ವರ್ಷ ನನ್ನ ಅರ್ಧ ನೋಟವನ್ನು ತಿಂದಿತು. ಮರ್ಯಾದೆ ಅದನ್ನು ತಂದುಕೊಡುತ್ತದೆಯೇ? ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ಮಗನೇ, ತಲೆ ಎತ್ತು. ಗಡ್ಡೆಯ ಚೂರು ನಿನ್ನ ಹೆಂಡತಿಯ ಪ್ರಯೋಗಾಲಯಕ್ಕೆ ಹೋಗಲಿ ಎಂಬ ಒಪ್ಪಿಗೆ ಪತ್ರಕ್ಕೆ ಇಂದು ಬೆಳಿಗ್ಗೆಯೇ ಸಹಿ ಹಾಕಿ ಕೊಟ್ಟು ಬಂದಿದ್ದೇನೆ.

ಈ ಮುದುಕಿಯ ಮಾತನ್ನು ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ವಂದನೆ. ನಮಸ್ಕಾರ.